ಹರ್ಮನ್ ಆನಂದರಾವ್ ಕೌಂಡಿನ್ಯರು

ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ 1825ರಲ್ಲಿ ಜನಿಸಿದ ಆನಂದರಾಯರು ಬಾಸೆಲ್ ಮಿಶನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿರುವಾಗಲೇ ಕ್ರಿಸ್ತನಿಗೆ ಒಲಿದರು. 1844ರಲ್ಲಿ ದೀಕ್ಷಾಸ್ನಾನ ಹೊಂದಿ, ಗುರುಗಳಾದ ಹರ್ಮನ್ ಮೋಗ್ಲಿಂಗ್ ಪಾದ್ರಿಗಳ ಹೆಸರನ್ನು ತಮ್ಮ ಹೆಸರಿಗೆ ಕೂಡಿಸಿಕೊಂಡರು. ಅಂದಿಗೆ ಮನೆಯ ನಂಟು ಕಡಿಯಿತು. ಕೈಹಿಡಿದ ಮಡದಿಯೂ ಜೊತೆಗೆ ಬರಲಿಲ್ಲ.

ಬಾಸೆಲ್ ನಗರಕ್ಕೆ ಹೋಗಿ ಓದಿ, 1851ರಲ್ಲಿ ಪಾದ್ರಿಪಟ್ಟ ಪಡೆದ ಅವರು ಪರದೇಶದಲ್ಲಿ ನಿಲ್ಲಲಿಲ್ಲ. ತಮ್ಮನ್ನು ದೂರ ಮಾಡಿದ ಮಂಗಳೂರಿಗೇ ಮರಳಿ, ಅಲ್ಲಿಯ ಸೆಮಿನರಿಯಲ್ಲಿ ಉಪದೇಶಿಗಳಿಗೆ ಪಾಠ ಹೇಳಿದರು. ಕೊಡಗಿನ ದಲಿತ ಕ್ರೈಸ್ತ ಕುಟುಂಬಗಳಿಗೆ ಅವರ ಹೆಸರಿನ ಆನಂದಪುರವು ನೆಲೆಯಾಯಿತು. 1893ರಲ್ಲಿ ಕೌಂಡಿನ್ಯರು ಕಾಲವಾದರು.

ತಾಯಿನಾಡನ್ನು ಬಿಟ್ಟು ಮುಖರ್ಜಿ ನಗರದಲ್ಲಿ ಬಿಡಾರ ಹೂಡಿದ ನಾವು ಅವರಿಂದ ಒಂದು ಮಾತನ್ನು ಕಲಿಯಬಹುದು: ನೆಲೆ ತಪ್ಪಿದವನು ನೆಲೆಯಿಲ್ಲದವರಿಗೆ ಆಸರೆಯಾದಾಗ ತನ್ನ ನೆಲೆಯನ್ನೂ ಕಾಣುತ್ತಾನೆ.