ಕಾರ್ನೆಲಿಯಾ ಸೊರಾಬ್ಜಿ

ಕಾರ್ನೆಲಿಯಾ ಸೊರಾಬ್ಜಿ (೧೫ ನವೆಂಬರ್ ೧೮೬೬ – ೬ ಜುಲೈ ೧೯೫೪) ಭಾರತದ ಮೊದಲ ಮಹಿಳಾ ನ್ಯಾಯವಾದಿ ಹಾಗೂ ಲೇಖಕಿ.

ಬಾಲ್ಯ ಮತ್ತು ಶಿಕ್ಷಣ

ನಾಸಿಕದಲ್ಲಿ ಜನಿಸಿದ ಇವರು ಬಾಲ್ಯದ ಕೆಲವು ವರ್ಷಗಳನ್ನು ಬೆಳಗಾವಿಯಲ್ಲಿ ಕಳೆದರು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಸಾಹಿತ್ಯವನ್ನು ಅಭ್ಯಸಿಸಿ, ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗಿ, ಬೊಂಬಾಯಿ ವಿಶ್ವವಿದ್ಯಾಲಯದ ಮೊದಲ ಮಹಿಳಾ ಪದವೀಧರೆ ಎನಿಸಿದರು. ಇಂಗ್ಲೆಂಡಿನ ವ್ಯಾಸಂಗಕ್ಕೆ ಸಲ್ಲಬೇಕಾಗಿದ್ದ ವಿದ್ಯಾರ್ಥಿವೇತನವು ಹೆಣ್ಣೆಂಬ ಕಾರಣಕ್ಕೆ ಕೈತಪ್ಪಿತು. ಅಹಮದಾಬಾದಿನ ಗುಜರಾತ್ ಕಾಲೇಜಿನಲ್ಲಿ ಇಂಗ್ಲಿಷ್ ಬೋಧಿಸಿದ ಬಳಿಕ, ಇಂಗ್ಲೆಂಡಿನ ಹಿತೈಷಿಗಳು ಸಂಗ್ರಹಿಸಿದ ಹಣದ ನೆರವಿನಿಂದ ೧೮೮೯ರಲ್ಲಿ ಆಕ್ಸ್‌ಫರ್ಡಿನ ಸೊಮರ್ವಿಲ್ ಕಾಲೇಜನ್ನು ಸೇರಿದರು. ನೆರವಾದವರಲ್ಲಿ ಫ್ಲಾರೆನ್ಸ್ ನೈಟಿಂಗೇಲರೂ ಒಬ್ಬರು. ೧೮೯೨ರಲ್ಲಿ ಅಲ್ಲಿ ಬಿ.ಸಿ.ಎಲ್. ಕಾನೂನು ಪರೀಕ್ಷೆಗೆ ಕುಳಿತ ಮೊದಲ ಮಹಿಳೆಯಾಗಿ ಉತ್ತೀರ್ಣರಾದರು. ಆದರೆ ಆಗ ಆ ವಿಶ್ವವಿದ್ಯಾಲಯವು ಸ್ತ್ರೀಯರಿಗೆ ಪದವಿ ನೀಡುತ್ತಿರಲಿಲ್ಲ. ಪದವಿ ಕೈಸೇರಿದ್ದು ೧೯೨೨ರಲ್ಲಿ.

ವೃತ್ತಿಜೀವನ

೧೯೦೪ರಲ್ಲಿ ಬಂಗಾಳದ ಕೋರ್ಟ್ ಆಫ್ ವಾರ್ಡ್ಸ್‌ನಲ್ಲಿ ನೇಮಕಗೊಂಡು, ಪುರುಷ ವಕೀಲರ ಎದುರು ಬರಲಾಗದಿದ್ದ ಪರದೆಯೊಳಗಿನ ಸ್ತ್ರೀಯರ ಹಾಗೂ ಅನಾಥ ಮಕ್ಕಳ ಆಸ್ತಿಹಕ್ಕುಗಳಿಗಾಗಿ ದುಡಿದರು. ೧೯೨೩ರ ಕಾಯಿದೆಯು ಮಹಿಳೆಯರಿಗೆ ವಕೀಲಿ ವೃತ್ತಿಯನ್ನು ಮುಕ್ತಗೊಳಿಸಿದ ಮೇಲೆ, ೧೯೨೪ರಲ್ಲಿ ಕಲ್ಕತ್ತೆಯಲ್ಲಿ ವಕೀಲಿ ಆರಂಭಿಸಿದರು. ಅಷ್ಟರಲ್ಲಿ ವಯಸ್ಸು ಅರವತ್ತನ್ನು ಸಮೀಪಿಸಿತ್ತು. ಬ್ರಿಟಿಷ್ ಆಳ್ವಿಕೆಯನ್ನು ಬೆಂಬಲಿಸಿ, ಗಾಂಧೀಜಿಯವರ ಚಳವಳಿಯನ್ನು ವಿರೋಧಿಸಿದ್ದರಿಂದ ಟೀಕೆಗೂ ಗುರಿಯಾದರು. ಇವರ ಆತ್ಮಕಥೆ ‘ಇಂಡಿಯಾ ಕಾಲಿಂಗ್’ ೧೯೩೪ರಲ್ಲಿ ಪ್ರಕಟವಾಯಿತು. ಲಂಡನ್ನಿನಲ್ಲಿ ನಿಧನರಾದರು.