ಗವಾನ್ ಸಾಹೇಬರ ಟೇಬಲ್

ನಮ್ಮ ಬ್ಯಾಚ್‌ನಲ್ಲಿ ಭಾಲ್ಕಿಯವರಿದ್ದೀವಿ, ಔರಾದ್‌ನವರಿದ್ದೀವಿ, ಬೀದರ್ ಸಿಟಿಯವರಂತೂ ಇದ್ದೇ ಇದ್ದೀವಿ. ಚೌಬಾರದಿಂದ ಕೋಟೆ ಕಡೆ ಹೋಗುವಾಗ ಸಿಗುವ ಮದರಸಾ ಎದುರು ಎಲ್ಲರೂ ಸೆಲ್ಫಿ ತೆಗೆದಿದ್ದೀವಿ. ಕಟ್ಟಿಸಿದವರ ಬಗ್ಗೆ ಕೇಳಿದ್ರೆ ಮಾತ್ರ ಹೆಸರು ಬಿಟ್ಟು ಮುಂದೆ ಬರಲ್ಲ.

ಮಹಮೂದ್ ಗವಾನ್ ಹುಟ್ಟಿದ್ದು 1411ರಲ್ಲಿ, ಇರಾನಿನ ಗೀಲಾನ್‌ನಲ್ಲಿ. ವ್ಯಾಪಾರಕ್ಕೆ ಅಂತ ದಾಭೋಲ್ ಬಂದರಿನಲ್ಲಿ ಇಳಿದು ಬೀದರ್‌ಗೆ ಬಂದಾಗ ವಯಸ್ಸು ನಲವತ್ತು ದಾಟಿತ್ತು. ಬಹಮನಿ ದರ್ಬಾರಿನಲ್ಲಿ ಮೇಲೇರುತ್ತಾ ಮೂರನೇ ಮುಹಮ್ಮದ್ ಷಾನ ಕಾಲಕ್ಕೆ ಪ್ರಧಾನಮಂತ್ರಿಯಾದರು. 1472ರಲ್ಲಿ ಗೋವಾ ಗೆದ್ದರು, ಮದರಸಾ ಮುಗಿದದ್ದೂ ಆಗಲೇ. ಅದರ ಲೈಬ್ರರಿಯಲ್ಲಿ ಮೂರು ಸಾವಿರ ಪುಸ್ತಕ ಇದ್ದವಂತೆ.

ನಮಗೆ ಹಿಡಿಸಿದ್ದು ಅವರ ಆಡಳಿತ. ನಾಲ್ಕು ತರಫ್‌ಗಳನ್ನು, ಅಂದ್ರೆ ಪ್ರಾಂತ್ಯಗಳನ್ನು, ಒಡೆದು ಎಂಟು ಮಾಡಿದರು. ಒಬ್ಬ ತರಫ್‌ದಾರನ ಕೈಯಲ್ಲಿ ಒಂದೇ ಕೋಟೆ. ಉಳಿದ ಕೋಟೆಗಳಿಗೆ ಸುಲ್ತಾನನೇ ಕಿಲ್ಲೇದಾರರನ್ನು ನೇಮಿಸೋದು. ಜಮೀನು ಅಳೆಸಿದರು. ಓಎಸ್ ಓದಿದವರಿಗೆ ಇದು ಐಒಎಂಎಂಯು ಥರ ಕಾಣುತ್ತೆ. ಡಿಸ್ಕ್, ನೆಟ್‌ವರ್ಕ್ ಕಾರ್ಡ್‌ಗಳು ಪ್ರೊಸೆಸರ್‌ನ ಕೇಳದೇ ಮೆಮೊರಿಗೆ ನೇರ ಬರೀತವೆ. ಯಾವುದು ಎಲ್ಲಿ ಬರೀಬಹುದು ಅನ್ನೋದು ಒಂದು ಟೇಬಲ್‌ನಲ್ಲಿರುತ್ತೆ, ಅದನ್ನ ದಾಟಿದ್ರೆ ತಡೆ.

ಅಧಿಕಾರ ಕಳಕೊಂಡ ಸರದಾರರು ಸುಮ್ಮನಿರಲಿಲ್ಲ. ಗವಾನರ ಮುದ್ರೆ ಕಾಯುವವನಿಗೆ ಕುಡಿಸಿ ಖಾಲಿ ಹಾಳೆ ಮೇಲೆ ಮುದ್ರೆ ಒತ್ತಿಸಿಕೊಂಡರು. ಒರಿಸ್ಸಾದ ರಾಜನನ್ನು ದಂಡೆತ್ತಿ ಬರಲು ಕರೆದಂತೆ ಅದರಲ್ಲಿ ಪತ್ರ ಬರೆದರು. ಮುದ್ರೆ ಅಸಲಿ, ಡೇಟಾ ನಕಲಿ. ಅಮಲಿನಲ್ಲಿದ್ದ ಸುಲ್ತಾನ ವಿಚಾರಣೆಯಿಲ್ಲದೆ 1481ರ ಏಪ್ರಿಲ್ 5ರಂದು ತಲೆ ತೆಗೆಸಿದ. ಆಗ ಗವಾನರಿಗೆ ಎಪ್ಪತ್ತು ವರ್ಷ.

ಮರುವರ್ಷ ಸುಲ್ತಾನನೂ ಸತ್ತ, ಪಟ್ಟಕ್ಕೆ ಬಂದವನು ಇನ್ನೂ ಹುಡುಗ. ಲಿನಕ್ಸ್ ಕ್ರ್ಯಾಶ್ ಆದಾಗಲೂ ಹೀಗೇ: ಮೊದಲೇ ಬೇರೆ ತೆಗೆದಿಟ್ಟ ಜಾಗದಲ್ಲಿ ಪುಟ್ಟ ಕರ್ನಲ್ ಬೂಟ್ ಆಗಿ, ಸತ್ತ ಕರ್ನಲ್‌ನ ಮೆಮೊರಿಯನ್ನು ಉಳಿಸಿಡುತ್ತೆ. ಆದರೆ ಡಿವೈಸ್‌ಗಳಿಗೆ ಸಾವಿನ ಸುದ್ದಿ ಮುಟ್ಟಿರಲ್ಲ, ಹಳೇ ವಿಳಾಸಕ್ಕೇ ಬರೀತಾ ಇರ್ತವೆ. ಹೊಸಬ ಟೇಬಲ್ ಅಳಿಸಿದ್ರೆ ಫಾಲ್ಟ್‌ಗಳ ಮಳೆ. ಐಒಎಂಎಂಯು ಆಫ್ ಮಾಡಿದ್ರೆ ಎಲ್ಲೆಲ್ಲೋ ಬರಹ. ಅದಕ್ಕೇ 2015ರಿಂದ ಲಿನಕ್ಸ್ ಇಂಟೆಲ್ ಯಂತ್ರಗಳಲ್ಲಿ ಹಳೇ ಟೇಬಲನ್ನೇ ನಕಲು ಮಾಡ್ಕೊಳ್ಳುತ್ತೆ. ಆಯಾ ಡ್ರೈವರ್ ಬಂದು ತನ್ನ ಡಿವೈಸ್ ರೀಸೆಟ್ ಮಾಡೋತನಕ ಅದರಲ್ಲೇ ನಡೆಸುತ್ತೆ.

ಬೀದರ್‌ನಲ್ಲಿ ಗವಾನರ ಟೇಬಲ್ ಎತ್ತಿಕೊಂಡು ನಡೆಸುವವರು ಯಾರೂ ಬರಲಿಲ್ಲ. ತರಫ್‌ದಾರರು ಕೈಗೆ ಸಿಕ್ಕಷ್ಟು ಬಾಚಿಕೊಂಡರು. ಹತ್ತು ವರ್ಷದೊಳಗೆ ಬಿಜಾಪುರ, ಅಹಮದ್‌ನಗರ, ಬೇರಾರ್ ಬೇರೆಯಾದವು. ಬೀದರ್ ಬರೀದರ ಪಾಲಾಯಿತು. ಔರಂಗಜೇಬನ ಕಾಲದ ಮದ್ದಿನ ಸ್ಫೋಟದಲ್ಲಿ ಮದರಸಾದ ಒಂದು ಭಾಗವೂ ಹೋಗಿ, ಈಗ ಉಳಿದಿರೋದು ಒಂದೇ ಮಿನಾರ್. ಗವಾನರ ಗೋರಿ ಊರ ಹತ್ತಿರದ ಗೋರನಳ್ಳಿಯಲ್ಲಿದೆ. ಈ ಭಾನುವಾರ ಅಲ್ಲಿಗೆ ಹೋಗ್ತಿದ್ದೀವಿ, ಔರಾದ್ ಬಸ್‌ನವರು ಸ್ವಲ್ಪ ಬೇಗ ಹೊರಡ್ರಿ.