ಸದ್ದಿಗೆ ಬೆಳಕು ಹಿಡಿದ ರಾಮನ್

ಮಕ್ಕಳೇ, ಬೆಂಗಳೂರಿನ ಹಲಸೂರು ಕೆರೆಗೆ ಒಂದು ಕಲ್ಲು ಬಿದ್ದರೆ ಏನಾಗುತ್ತದೆ? ನೀರಿನ ಮೇಲೆ ಅಲೆಗಳು ಉಂಗುರ ಉಂಗುರವಾಗಿ ಹರಡುತ್ತವೆ. ಅವು ನಿಮ್ಮ ಕಣ್ಣಿಗೆ ಕಾಣುತ್ತವೆ. ಕಲ್ಲು ಬಿದ್ದ ಸದ್ದು ಕೂಡ ನೀರಿನೊಳಗೆ ಅಲೆಯಾಗಿ ಸಾಗುತ್ತದೆ. ಅದರ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್! ಆದರೆ ಅದು ಕಾಣುವುದಿಲ್ಲ. ಇಂಥ ಅಲೆಯನ್ನು ಬೆಳಕು ಹೇಗೆ ತೋರಿಸಬಲ್ಲದು ಎಂದು ಇದೇ ಬೆಂಗಳೂರಿನಲ್ಲಿ ವಿವರಿಸಿದವರು ಸರ್ ಸಿ.ವಿ. ರಾಮನ್.

ಚಂದ್ರಶೇಖರ ವೆಂಕಟ ರಾಮನ್ 1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದರು. 1907ರಲ್ಲಿ ಅವರಿಗೆ ಸರ್ಕಾರದ ಹಣಕಾಸು ಇಲಾಖೆಯಲ್ಲಿ ದೊಡ್ಡ ಹುದ್ದೆ ಸಿಕ್ಕಿತು. ಕಲ್ಕತ್ತೆಯಲ್ಲಿ ಕಚೇರಿ ಕೆಲಸ ಮುಗಿಸಿ ಅವರು ಪ್ರಯೋಗಾಲಯಕ್ಕೆ ಹೋಗುತ್ತಿದ್ದರು. ವೀಣೆ, ಮೃದಂಗಗಳ ನಾದವನ್ನು ಅಭ್ಯಾಸ ಮಾಡಿದರು. 1917ರಲ್ಲಿ ಕಡಿಮೆ ಸಂಬಳವಾದರೂ ಸರಿ ಎಂದು ಹುದ್ದೆ ಬಿಟ್ಟು ಪ್ರಾಧ್ಯಾಪಕರಾದರು. 1928ರಲ್ಲಿ ರಾಮನ್ ಪರಿಣಾಮವನ್ನು ಕಂಡುಹಿಡಿದರು. 1930ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

1933ರಲ್ಲಿ ರಾಮನ್ ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಆಗ ವಿಜ್ಞಾನಿಗಳ ಮುಂದೆ ಒಂದು ಒಗಟು ಇತ್ತು. ನಮ್ಮ ಕಿವಿಗೆ ಕೇಳಿಸದ ಶ್ರವಣಾತೀತ ಶಬ್ದವನ್ನು ದ್ರವದೊಳಗೆ ಹಾಯಿಸಿ, ಅದಕ್ಕೆ ಅಡ್ಡಲಾಗಿ ಬೆಳಕು ಬಿಟ್ಟರೆ ಒಂದು ಕಿರಣ ಹಲವು ಕಿರಣಗಳಾಗಿ ಒಡೆಯುತ್ತಿತ್ತು. 1932ರಲ್ಲಿ ಅಮೆರಿಕ ಮತ್ತು ಫ್ರಾನ್ಸ್‌ನಲ್ಲಿ ಇದನ್ನು ಕಂಡಿದ್ದರು. ಇಷ್ಟೊಂದು ಕಿರಣಗಳು ಏಕೆ?

ರಾಮನ್ ಮತ್ತು ತರುಣ ವಿಜ್ಞಾನಿ ನಾಗೇಂದ್ರನಾಥ್ 1935–36ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಶಬ್ದದ ಅಲೆ ದ್ರವವನ್ನು ಒಂದು ಕಡೆ ಒತ್ತುತ್ತದೆ, ಪಕ್ಕದಲ್ಲಿ ಸಡಿಲಿಸುತ್ತದೆ. ಒತ್ತಿದ ಕಡೆ ಬೆಳಕು ತುಸು ನಿಧಾನವಾಗುತ್ತದೆ, ಸಡಿಲವಾದ ಕಡೆ ತುಸು ಮುಂದೆ ಹೋಗುತ್ತದೆ. ಹೀಗೆ ಹಿಂದುಮುಂದಾದ ಬೆಳಕು ಹಲವು ದಿಕ್ಕಿಗೆ ಹಂಚಿಹೋಗುತ್ತದೆ. ಕಿರಣಗಳ ನಡುವಿನ ಅಂತರದಿಂದ ಶಬ್ದದ ಅಲೆಯ ಉದ್ದವನ್ನು ಲೆಕ್ಕ ಹಾಕಬಹುದು.

ಸಂಸ್ಥೆಯ ಆಡಳಿತದಲ್ಲಿ ಭಿನ್ನಾಭಿಪ್ರಾಯ ಬಂದು 1937ರಲ್ಲಿ ರಾಮನ್ ನಿರ್ದೇಶಕ ಸ್ಥಾನ ಬಿಡಬೇಕಾಯಿತು. ಆದರೆ ಅವರು ಸಂಶೋಧನೆ ಬಿಡಲಿಲ್ಲ. ಅಲ್ಲೇ ಪ್ರಾಧ್ಯಾಪಕರಾಗಿ ಉಳಿದರು. 1948ರಲ್ಲಿ ನಿವೃತ್ತರಾದ ಮೇಲೆ ಬೆಂಗಳೂರಿನಲ್ಲೇ ತಮ್ಮ ಸಂಶೋಧನಾ ಸಂಸ್ಥೆಯಲ್ಲಿ ದುಡಿದರು. 1970ರ ನವೆಂಬರ್ 21ರಂದು ನಿಧನರಾದರು.

ಇಂದು ವೈದ್ಯರು ಆಘಾತ ತರಂಗಗಳಿಂದ ಮೂತ್ರಪಿಂಡದ ಕಲ್ಲನ್ನು ಪುಡಿ ಮಾಡುತ್ತಾರೆ. ಈ ತರಂಗ ಸೆಕೆಂಡಿನ ಹತ್ತು ಲಕ್ಷದ ಕೆಲವೇ ಪಾಲಿನಲ್ಲಿ ಹಾದುಹೋಗುತ್ತದೆ. ಅದನ್ನು ಅಳೆಯಲು ಕೂದಲೆಳೆಯಂಥ ಗಾಜಿನ ಆಪ್ಟಿಕಲ್ ಫೈಬರನ್ನು ನೀರಿನಲ್ಲಿ ಇಡುತ್ತಾರೆ. ತರಂಗ ನೀರನ್ನು ಒತ್ತಿದಾಗ ಫೈಬರಿನ ತುದಿಯಿಂದ ಮರಳುವ ಬೆಳಕಿನ ಪ್ರಮಾಣ ಬದಲಾಗುತ್ತದೆ. ಒತ್ತಿದ ನೀರಿನಲ್ಲಿ ಬೆಳಕಿನ ನಡಿಗೆ ಬದಲಾಗುತ್ತದೆ ಎಂಬ ಅದೇ ತತ್ವ ಇಲ್ಲಿಯೂ ಇದೆ!

ಒಂದು ಲೋಟ ನೀರಿನಲ್ಲಿ ಪೆನ್ಸಿಲನ್ನು ಓರೆಯಾಗಿ ಇಟ್ಟು ನೋಡಿ. ಅದು ಮುರಿದಂತೆ ಕಾಣುವುದು ಏಕೆ? ನೀವೇ ಯೋಚಿಸಿ.